ಪಾದಪದ ಕರೆ

ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ ನಾವು ಮಕ್ಕಳಿಗೆ ‘ಪಾದಪ’ ಶಬ್ದವನ್ನು ಬಿಡಿಸಿ ಹೇಳುತ್ತಿದ್ದೆವು: ಪಾದದಿಂದ ಕುಡಿಯುವುದರಿಂದ ಗಿಡವು ಪಾದಪ. ಅದು ಪಾದದಿಂದಲೇ ಕೂಗಿ ಕರೆಯುವುದೂ ಉಂಟೆಂಬುದು ಆಗ ನಮಗೆ ತಿಳಿದಿರಲಿಲ್ಲ.

ಮುದಗಲ್ಲಿನ ಹೊರಗಣ ಒಂದು ಜೋಳದ ಹೊಲದಲ್ಲಿ ನಮಗೆ ಈ ಪಾಠವು ನೆನಪಾಯಿತು. ಪೈರು ಬಾಡಿ ನಿಂತಿತ್ತು. “ಮಾಸ್ತರ್ರ, ನೆಲದಾಗ ಹಸಿ ಐತಿ, ಮತ್ತ ಜ್ವಾಳ ಯಾಕ ಬಾಡಾಕತ್ತೈತಿ?” ಎಂದು ಹೊಲದ ಹೆಣ್ಣುಮಗಳು ಕೇಳಿದಳು. ದಂಟಿನ ಬುಡದಲ್ಲಿ ಬಿಳಿಯ ಸಣ್ಣ ಹೂವಿನ ಕಳೆಯೊಂದು ಎದ್ದಿತ್ತು. ಶಾಸ್ತ್ರಜ್ಞರು ಇದನ್ನು ಸ್ಟ್ರೈಗ ಎನ್ನುವರು. ಇದರ ಬೇರು ಜೋಳದ ಬೇರನ್ನು ಕಚ್ಚಿ ರಸವನ್ನು ಹೀರುವುದು.

ಇದರ ಬೀಜವು ಧೂಳಿನಂತಹುದು. ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದು, ಬೇರಿನಿಂದ ಒಸರುವ ಒಂದು ದ್ರವ್ಯವು ಸೋಕಿದಾಗಲೇ ಮೊಳೆಯುವುದು. ಅಂತಹ ದ್ರವ್ಯವನ್ನು ಅಮೆರಿಕದವರು 1966ರಲ್ಲಿ ಹತ್ತಿಯ ಬೇರಿನಿಂದ ಬೇರ್ಪಡಿಸಿ ಸ್ಟ್ರೈಗಾಲ್ ಎಂದು ಹೆಸರಿಟ್ಟರು. ಆದರೆ ಗಿಡವು ತನ್ನ ಕಳ್ಳನನ್ನು ತಾನೇ ಏಕೆ ಕರೆಯಬೇಕು?

ಉತ್ತರವು ದೊರೆತದ್ದು 2005ರಲ್ಲಿ, ಜಪಾನಿನಲ್ಲಿ. ಕರೆಯು ಕಳ್ಳನಿಗಲ್ಲ, ನೆಂಟನಿಗೆ! ಆ ನೆಂಟನೆಂದರೆ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ. ಅದು ನೂಲಿನಂತಹ ಎಳೆಗಳಿಂದ ಬೇರಿನೊಳಹೊಕ್ಕು, ದೂರದ ಮಣ್ಣಿನಿಂದ ರಂಜಕವನ್ನು ತಂದೊಪ್ಪಿಸಿ, ಬದಲಿಗೆ ಗಿಡದ ಸಕ್ಕರೆಯನ್ನು ಪಡೆಯುವುದು. ನೆಲದಲ್ಲಿ ರಂಜಕವು ಕಡಮೆಯಾದಷ್ಟೂ ಬೇರು ಹೆಚ್ಚಾಗಿ ಕರೆಯುವುದು. ಕರೆ ಮುಟ್ಟಿದೊಡನೆ ಶಿಲೀಂಧ್ರದ ಎಳೆಯು ಕವಲೊಡೆಯುವುದು.

ಫ್ರಾನ್ಸಿನ ವಿಜ್ಞಾನಿಗಳು 2006ರಲ್ಲಿ ನಮ್ಮ ಜೋಳದ ಬೇರಿನಿಂದಲೇ ಇಂತಹ ದ್ರವ್ಯವನ್ನು ತೆಗೆದರು. ಈ ಜಾತಿಯ ದ್ರವ್ಯವು ಸೋಕಿದ ಒಂದು ಗಂಟೆಯೊಳಗೆ ಶಿಲೀಂಧ್ರದ ಜೀವಕೋಶಗಳಲ್ಲಿ ಶಕ್ತಿಯನ್ನು ಸಿದ್ಧಪಡಿಸುವ ಮೈಟೋಕಾಂಡ್ರಿಯಗಳು ದಟ್ಟವಾದುವು. 2008ರ ಶೋಧನೆಯು ಇನ್ನೂ ಸೋಜಿಗದ್ದು. ಆ ಮೊದಲ ಚುರುಕು ನಿಮಿಷಗಳಲ್ಲಿ ಮೂಡುವುದು. ಅದಕ್ಕೆ ಜೀನುಗಳ ಹೊಸ ಅಪ್ಪಣೆಯು ಬೇಕಿಲ್ಲ. ಬೆಳವಣಿಗೆಗೆ ಸಂಬಂಧಿಸಿದ ಜೀನುಗಳು ಚುರುಕಾಗುವುದು ಕೆಲವು ದಿನಗಳ ತರುವಾಯ. ಬೀಗರು ಬಂದರೆಂದು ಕೇಳಿದೊಡನೆ ಒಲೆ ಹೊತ್ತಿಸಿ, ಅಡಿಗೆಯ ಯೋಚನೆಯನ್ನು ಆಮೇಲೆ ಮಾಡುವ ಗೃಹಿಣಿಯರು ಇದನ್ನು ಸುಲಭವಾಗಿ ಬಲ್ಲರು. ಅದೇ ವರ್ಷ ಇನ್ನೊಂದು ಸಂಗತಿಯೂ ಹೊರಬಿದ್ದಿತು: ಈ ದ್ರವ್ಯಗಳೇ ಗಿಡದೊಳಗೆ ಹಾರ್ಮೋನಾಗಿ ನಿಂತು ಪಕ್ಕದ ಕವಲುಗಳನ್ನು ತಡೆಯುವುವು.

ಹಾಗಾದರೆ ಸ್ಟ್ರೈಗವು ಮಾಡುವುದೇನು? ನೆಂಟನಿಗೆ ಕಳುಹಿದ ಕರೆಯನ್ನು ಕದ್ದು ಕೇಳುವುದು. ಬಡ ನೆಲದ ಬೇರೇ ಹೆಚ್ಚಾಗಿ ಕರೆಯುವುದರಿಂದ, ಬಡವನ ಹೊಲಕ್ಕೇ ಕಳ್ಳನ ಕಾಟವು ಹೆಚ್ಚು. ಇದು ನಮ್ಮನ್ನು ನೋಯಿಸಿತು.

ಆಕೆಗೆ ನಾವು ಹೇಳಿದ್ದಿಷ್ಟು: ಬೀಜ ಕಟ್ಟುವ ಮುನ್ನ ಕಳೆಯನ್ನು ಕಿತ್ತು ಸುಡಬೇಕು, ಹೊಲಕ್ಕೆ ತಿಪ್ಪೆಗೊಬ್ಬರವನ್ನು ಹಾಕಬೇಕು, ಮುಂದಿನ ವರ್ಷ ಹತ್ತಿಯನ್ನು ಬಿತ್ತಬೇಕು. ಹತ್ತಿಯ ಬೇರೂ ಕರೆಯುವುದಷ್ಟೆ. ಕಳೆಯ ಬೀಜವು ನಂಬಿ ಮೊಳೆತರೂ ಅದಕ್ಕೆ ಹತ್ತಿಯನ್ನು ಕಚ್ಚಲಾಗದು, ಹಸಿದು ಸಾಯುವುದು.

“ಹತ್ತಿ ಹಾಕಿದ್ರ ರೊಟ್ಟಿಗೆ ಏನ್ ಮಾಡ್ಲಿರಿ?” ಎಂದಳು.

ಇದಕ್ಕೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಕಡೆಗೆ ಕಳೆ ಹೆಚ್ಚಾಗಿದ್ದ ಅರ್ಧ ಹೊಲಕ್ಕೆ ಹತ್ತಿ, ಉಳಿದರ್ಧಕ್ಕೆ ಜೋಳವೆಂದು ಆಕೆಯೇ ಗೊತ್ತುಮಾಡಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಿಳಿಯ ಹೂಗಳನ್ನು ಕೀಳತೊಡಗಿದಳು.