ಓದದೆ ಹೊಗಳುವ ಪುಸ್ತಕ

ಡಿಸೆಂಬರ್ ಬಂತೆಂದರೆ ಸರ್ವಧರ್ಮ ಸಭೆಗಳ ಸುಗ್ಗಿ. ಕೋಲಾರವಾಗಲಿ ಮಾಲೂರಾಗಲಿ, ಮುಳಬಾಗಿಲಾಗಲಿ ಶ್ರೀನಿವಾಸಪುರವಾಗಲಿ, ವೇದಿಕೆ ಏರಿದವರ ಮಾತು ಒಂದೇ: ಯೇಸು ಮಹಾತ್ಮ, ಬುದ್ಧ ಬಸವರ ಸಾಲಿನವನು. ಚಪ್ಪಾಳೆಯೊಡನೆ ಸಭೆ ಮುಗಿಯುತ್ತದೆ. ಹೀಗೆ ಹೇಳಿದವರಲ್ಲಿ ಸುವಾರ್ತೆಯ ನಾಲ್ಕು ಪುಟ ಓದಿದವರೆಷ್ಟು ಮಂದಿ? ಕೇಳಿದರೆ ಅವಿನಯವಾದೀತು, ಆದರೂ ಕೇಳಬೇಕಾಗಿದೆ.

ಏಕೆಂದರೆ ಆ ಮರ್ಯಾದೆಯ ಉತ್ತರವನ್ನು ಆ ಪುಸ್ತಕವೇ ಸಾಕೆನ್ನುವುದಿಲ್ಲ. ಮಾರ್ಕನ ಸುವಾರ್ತೆಯ 8ನೆಯ ಅಧ್ಯಾಯ ನೋಡಿ. ಫಿಲಿಪ್ಪನ ಕೈಸರೈಯದ ಹಳ್ಳಿಗಳತ್ತ ನಡೆಯುತ್ತ ಯೇಸು ಶಿಷ್ಯರನ್ನು ಕೇಳುತ್ತಾನೆ, ಜನ ತನ್ನನ್ನು ಯಾರೆನ್ನುತ್ತಾರೆಂದು. ಸ್ನಾನಿಕ ಯೋಹಾನ, ಎಲೀಯ, ಪ್ರವಾದಿಗಳಲ್ಲೊಬ್ಬ: ಎಲ್ಲವೂ ಗೌರವದ ಉತ್ತರಗಳೇ, ನಮ್ಮ ವೇದಿಕೆಯ ಉತ್ತರದ ಅಣ್ಣತಮ್ಮಂದಿರು. ಅವನು ಅಷ್ಟಕ್ಕೆ ಬಿಡುವುದಿಲ್ಲ. ನಿಮ್ಮ ಉತ್ತರವೇನೆಂದು ತಿರುಗಿ ಕೇಳುತ್ತಾನೆ.

ಪೇತ್ರ 'ಕ್ರಿಸ್ತ' ಎಂದ. ಇದು ಹೆಸರಲ್ಲ, ಪದವಿ, ಅಭಿಷಿಕ್ತನೆಂದು ಅರ್ಥ. ಪಟ್ಟಾಭಿಷೇಕವನ್ನು ಬಲ್ಲ ಕನ್ನಡಿಗನಿಗೆ ಅದರ ತೂಕ ತಿಳಿಯದೆ? ಪೇತ್ರನ ಕಣ್ಣಮುಂದೆಯೂ ಸಿಂಹಾಸನವೇ ಇದ್ದಿರಬೇಕು. ಯೇಸುವಾದರೋ ಇದನ್ನು ಯಾರಿಗೂ ಹೇಳಬೇಡಿರೆಂದ. ತಾನು ಕಷ್ಟಪಟ್ಟು, ಕೊಲೆಯಾಗಿ, ಮೂರು ದಿನದ ಮೇಲೆ ಏಳಬೇಕೆಂದ. ಇದೆಲ್ಲಿಯ ಮಾತೆಂದು ಪೇತ್ರ ಗದರಿಸಿದ, 'ಸೈತಾನ' ಎನಿಸಿಕೊಂಡ. ಸರಿಯುತ್ತರ ಕೊಟ್ಟವನಿಗೇ ಈ ಗತಿ! ವಾಕ್ಯಗಳನ್ನು ಬಾಯಿಪಾಠ ಮಾಡಿಸಿ ಬಹುಮಾನ ಹಂಚುವ ಕ್ರೈಸ್ತ ಬಂಧುಗಳೂ ಹಾಗಾದರೆ ನಿಶ್ಚಿಂತರಾಗಿರುವಂತಿಲ್ಲ. ಬಿರುದು ಗೊತ್ತಿದ್ದು, ಬಂದ ಕೆಲಸ ಗೊತ್ತಿಲ್ಲದಿದ್ದರೆ ಆ ಉತ್ತರ ಅರ್ಧವೇ. ಇದಕ್ಕೆ ತುಸು ಮುಂಚೆ ಮಾರ್ಕ ಒಬ್ಬ ಕುರುಡನ ಕತೆ ಹೇಳುತ್ತಾನೆ. ಮೊದಲ ಸ್ಪರ್ಶಕ್ಕೆ ಅವನಿಗೆ ಮನುಷ್ಯರು ಓಡಾಡುವ ಮರಗಳಂತೆ ಕಂಡರು. ಎರಡನೆಯ ಸ್ಪರ್ಶಕ್ಕೆ ದೃಷ್ಟಿ ತಿಳಿಯಾಯಿತು. ಆ ಕತೆ ಅಲ್ಲಿ ಬಂದದ್ದು ಆಕಸ್ಮಿಕವೆಂದು ಕಾವ್ಯ ಓದಿ ಬಲ್ಲವರು ಹೇಳಲಾರರು.

ಇಂಥ ಭಾಗವನ್ನು ಕನ್ನಡ ತರಗತಿಯಲ್ಲಿ ಓದಿಸೋಣವೆಂದರೆ 'ಮತಪ್ರಚಾರ' ಎಂಬ ಕೂಗು. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಕಾವ್ಯವಾಗಿಸಿದರು. ಅವರೇನು ಮತ ಬಿಟ್ಟರೆ? ಕಿಟ್ಟೆಲ್ ಸಾಹೇಬರ 1894ರ ನಿಘಂಟು ನಮಗೆ ಬೇಕು. 1862ರಲ್ಲಿ ಅವರೇ ಯೇಸುಚರಿತೆಯನ್ನು ನಮ್ಮ ಛಂದಸ್ಸಿಗೆ ತಂದ 'ಕಥಾಮಾಲೆ' ಬೇಡ. ಇದೆಂಥ ನ್ಯಾಯ? ಇನ್ನೊಂದು ಕಡೆಯಿಂದ, ದೇವರ ವಾಕ್ಯವನ್ನು ಸಾಹಿತ್ಯವೆಂದು ಓದುವುದೇ ಅಪಚಾರವೆಂಬ ಆಕ್ಷೇಪ. ಪದಪದವನ್ನೂ ನಿಲ್ಲಿಸಿ ವಿಚಾರಿಸುವುದು ಅಪಚಾರವಾದರೆ, ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಗೀತೆಗೆ ಮಾಡಿದ್ದೇನು? ಅವರ 'ಜೀವನಧರ್ಮಯೋಗ'ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗೀತೆಗೆ ಸಂದ ಆ ಶ್ರದ್ಧೆ ಸುವಾರ್ತೆಗೇಕೆ ಸಲ್ಲಬಾರದು?

ಆ ಪ್ರಶ್ನೆ ವಿದ್ಯಾರ್ಥಿಯವರೆಗೆ ತಲುಪುವಂತೆ ನೋಡಿಕೊಂಡರೆ ಉಪಾಧ್ಯಾಯನ ಕೆಲಸ ಮುಗಿಯಿತು. ಅವನು ನಂಬುವನೋ ಬಿಡುವನೋ, ಅದು ಅವನ ಅಂತಃಕರಣಕ್ಕೆ ಸೇರಿದ್ದು. ಆದರೆ ನಂಬುವುದಕ್ಕೂ ಬಿಡುವುದಕ್ಕೂ ಮೊದಲು ಓದುವುದೆಂಬುದೊಂದಿದೆ. ಮುಂದಿನ ಸಭೆಯಲ್ಲಿ ಭಾಷಣವೊಂದು ಕಡಿಮೆಯಾದರೆ ನಷ್ಟವಿಲ್ಲ. ಯಾರಾದರೊಬ್ಬರು ಮಾರ್ಕನ ಆ ಹತ್ತು ಹನ್ನೆರಡು ವಾಕ್ಯಗಳನ್ನು ಗಟ್ಟಿಯಾಗಿ ಓದಿ ಕುಳಿತುಕೊಳ್ಳಲಿ.