ಸೇವಾಸಂಸ್ಥೆಗಳಿಗೆ ಮುಂದಿನ ಸಾರಥಿ ಯಾರು?

ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಕೃಷಿಹೊಂಡ ತೋಡಿಸಲು ದಾನಿಗಳುಂಟು. ಆ ಕೆಲಸವನ್ನು ಹತ್ತು ವರ್ಷ ಮುನ್ನಡೆಸುವ ಮುಖ್ಯಸ್ಥರ ಸಂಬಳಕ್ಕೆ ದಾನಿಗಳು ವಿರಳ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯಂತೂ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ವ್ಯವಸ್ಥಾಪಕರ ವೇತನವೂ ಆ ಲೆಕ್ಕಕ್ಕೇ ಸೇರುತ್ತದೆ. ಹೀಗಿರುವಾಗ ನುರಿತವರು ಬೆಂಗಳೂರಿನ ದಾರಿ ಹಿಡಿದರೆ ದೂರುವುದು ಯಾರನ್ನು?

ಹಣವೊಂದೇ ಕಾರಣವಲ್ಲ. ಸ್ಥಾಪಕರ ಮನೆಯಾಚೆ ಉತ್ತರಾಧಿಕಾರಿಯನ್ನು ಹುಡುಕದ ಸಂಸ್ಥೆಗಳೂ ನಮ್ಮಲ್ಲಿವೆ. (ಮಠಗಳಾದರೂ ಮರಿಯನ್ನು ನೇಮಿಸಿಕೊಳ್ಳುತ್ತವೆ!) ಕಲಘಟಗಿ ತಾಲ್ಲೂಕಿನ ಸೂರಶೆಟ್ಟಿಕೊಪ್ಪದಲ್ಲಿ ದುಡಿದ ಬೈಫ್ ಇದಕ್ಕೆ ಅಪವಾದ. 1967ರಲ್ಲಿ ಅದನ್ನು ಕಟ್ಟಿದ ಮಣಿಭಾಯಿ ದೇಸಾಯಿ 1993ರಲ್ಲಿ ನಿಧನರಾದಾಗ, ಸಂಸ್ಥೆಯೊಳಗೇ ಬೆಳೆದಿದ್ದ ನಾರಾಯಣ ಹೆಗಡೆ ಚುಕ್ಕಾಣಿ ಹಿಡಿದರು.

ಹೊಂಡದ ಉದ್ದಗಲ ಕೇಳುವ ದಾನಿಗಳು, ಮುಂದಿನ ಮುಖ್ಯಸ್ಥರಾರೆಂದೂ ಅರ್ಜಿಯಲ್ಲೇ ಕೇಳಲಿ.