ಹಡಗು ಕಟ್ಟುವ ಕೈಗಾರಿಕೆಗೆ ಹಣವೊಂದೇ ಸಾಲದು

1948ನೆಯ ಇಸವಿ ಮಾರ್ಚಿ 14ರಂದು ವಿಶಾಖಪಟ್ಟಣದಲ್ಲಿ ಪ್ರಧಾನಮಂತ್ರಿ ಜವಾಹರಲಾಲ ನೆಹರೂರವರು 'ಜಲ ಉಷಾ' ಎಂಬ ಹಡಗನ್ನು ನೀರಿಗಿಳಿಸಿದರು. ಆ ದಿನವು ಅನಾಯಾಸವಾಗಿ ಬಂದುದಲ್ಲ. 1906ರಲ್ಲಿ ತೂತುಕುಡಿಯಲ್ಲಿ ಸ್ವದೇಶೀ ಹಡಗಿನ ಕಂಪನಿಯನ್ನು ಸ್ಥಾಪಿಸಿದ ಚಿದಂಬರಂ ಪಿಳ್ಳೆಯವರು ಎರಡೇ ವರ್ಷಗಳಲ್ಲಿ ಸೆರೆಮನೆಯನ್ನು ಕಂಡರು. 1919ರಲ್ಲಿ ಹುಟ್ಟಿದ ಸಿಂಧಿಯಾ ಕಂಪನಿಯವರು ವಿದೇಶೀ ಕಂಪನಿಗಳ ಪೈಪೋಟಿಯನ್ನು ಸಹಿಸಿ ನಿಂತು, 1941ರಲ್ಲಿ ವಿಶಾಖಪಟ್ಟಣದ ಕಾರ್ಖಾನೆಗೆ ಅಸ್ತಿವಾರವನ್ನು ಹಾಕಿಸಿದರು.

ಇಷ್ಟು ಮುಂಚಿತವಾಗಿ ಹೊರಟವರು ಎಲ್ಲಿಗೆ ಮುಟ್ಟಿದೆವು? ದಕ್ಷಿಣ ಕೊರಿಯಾದವರು ಉಲ್ಸಾನ್ ಎಂಬಲ್ಲಿ ತಮ್ಮ ದೊಡ್ಡ ಕಾರ್ಖಾನೆಯನ್ನು ಕಟ್ಟತೊಡಗಿದುದು 1972ರಲ್ಲಿ. ಎಂದರೆ ನಮಗಿಂತ ಮೂವತ್ತು ವರ್ಷ ತಡವಾಗಿ. 1974ರಲ್ಲಿಯೇ ಅಲ್ಲಿ ಎರಡೂವರೆ ಲಕ್ಷ ಟನ್ನಿಗೂ ಮೀರಿದ ತೈಲದ ಹಡಗುಗಳು ಸಿದ್ಧವಾದವು. ಇಂದು ಜಗತ್ತಿನಲ್ಲಿ ಕಟ್ಟಲ್ಪಡುವ ಹಡಗುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಚೀನಾ, ಕೊರಿಯಾ, ಜಪಾನುಗಳವು. ನಮ್ಮ ಪಾಲು ನೂರಕ್ಕೆ ಒಂದೂ ಇಲ್ಲ.

ನಮ್ಮವರ ಕೈಯಲ್ಲಿ ಕುಶಲತೆಯಿಲ್ಲವೆಂದು ಹೇಳುವಂತಿಲ್ಲ. ಮುಂಬಯಿಯ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲಿ'ಯು ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಕೊಚ್ಚಿಯಲ್ಲಿ ಕಟ್ಟಿದ ವಿಮಾನವಾಹಕ ನೌಕೆ 'ವಿಕ್ರಾಂತ್' 2022ರಲ್ಲಿ ನೌಕಾದಳವನ್ನು ಸೇರಿತು. ಇಂತಹ ನೌಕೆಯನ್ನು ಕಟ್ಟಬಲ್ಲ ಕೈಗಳು ಸರಕಿನ ಹಡಗನ್ನು ಕಟ್ಟಲಾರವೆ?

ಕೊರತೆಯಿರುವುದು ಬೇರೆಡೆ. ಮೊದಲನೆಯದಾಗಿ, ಕೆಲಸವು ಎಡೆಬಿಡದೆ ಬರುವುದಿಲ್ಲ. ಒಂದೇ ಮಾದರಿಯ ಹತ್ತು ಹಡಗುಗಳನ್ನು ಕಟ್ಟುವವನು ಮೊದಲನೆಯದರಲ್ಲಿ ಮಾಡಿದ ತಪ್ಪನ್ನು ಎರಡನೆಯದರಲ್ಲಿ ತಿದ್ದಿಕೊಂಡು, ನಾಲ್ಕನೆಯದರಲ್ಲಿ ಕಾಲವನ್ನೂ ಹಣವನ್ನೂ ಉಳಿಸುತ್ತಾನೆ. ಒಂದನ್ನು ಕಟ್ಟಿ ಮುಂದಿನದಕ್ಕೆ ವರ್ಷಗಟ್ಟಲೆ ಕಾಯುವವನಿಗೆ ಪ್ರತಿಯೊಂದೂ ಹೊಸ ಪಾಠವೇ. ಎರಡನೆಯದಾಗಿ, ದೊಡ್ಡ ಹಡಗುಗಳ ಎಂಜಿನು ಮೊದಲಾದ ಮುಖ್ಯ ಯಂತ್ರಗಳು ಬಹುಪಾಲು ಪರದೇಶದಿಂದಲೇ ಬರಬೇಕಾಗಿವೆ. ಮೂರನೆಯದಾಗಿ, ವರ್ಷಗಳ ಕಾಲ ನಡೆಯುವ ಕೆಲಸಕ್ಕೆ ತೊಡಗಿಸಿದ ಮೂಲಧನದ ಬಡ್ಡಿಯೇ ಲಾಭವನ್ನು ನುಂಗಿಬಿಡುತ್ತದೆ.

ಕೇಂದ್ರ ಸರ್ಕಾರವು 2025ರ ಸೆಪ್ಟೆಂಬರಿನಲ್ಲಿ ಈ ಕೈಗಾರಿಕೆಗಾಗಿ 69,725 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಅದರಲ್ಲಿ 24,736 ಕೋಟಿ ಹಡಗು ಕಟ್ಟುವವರಿಗೆ ಸಹಾಯಧನ ಮುಂತಾದುವಕ್ಕೆ. 25,000 ಕೋಟಿ ಮೂಲಧನ ಮತ್ತು ಬಡ್ಡಿಯ ನೆರವಿಗೆ. 19,989 ಕೋಟಿ ಕಾರ್ಖಾನೆಗಳ ಸಾಮರ್ಥ್ಯವನ್ನು ಹೆಚ್ಚಿಸುವುದಕ್ಕೆ. ಇದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಇದು ಪ್ರಜೆಗಳು ತೆತ್ತ ತೆರಿಗೆಯ ಹಣವೆಂಬುದನ್ನು ಮರೆಯಲಾಗದು. ಊರುಗೋಲನ್ನು ಕೊಡುವುದು ನಡೆಯಲು ಕಲಿಯಲೆಂದೇ ಹೊರತು ಕೊನೆಯವರೆಗೂ ಹಿಡಿದಿರಲೆಂದಲ್ಲ.

ಆದುದರಿಂದ ಸರ್ಕಾರದವರಲ್ಲಿ ನಮ್ಮ ಸೂಚನೆಗಳು ಮೂರು. ತೈಲ, ಕಲ್ಲಿದ್ದಲು, ಗೊಬ್ಬರಗಳನ್ನು ತರಿಸುವ ಸರ್ಕಾರಿ ಸಂಸ್ಥೆಗಳು ತಮ್ಮ ಸರಕಿನ ಒಂದು ನಿಶ್ಚಿತ ಭಾಗವನ್ನು ಇಲ್ಲಿ ಕಟ್ಟಿದ ಹಡಗುಗಳಿಗೇ ದೀರ್ಘಾವಧಿಯ ಕರಾರಿನಿಂದ ಒಪ್ಪಿಸಲಿ. ಸರಕು ನಿಶ್ಚಿತವಾದರೆ ಹಡಗು ಬೇಡುವವರು ತಾವಾಗಿಯೇ ಬರುವರು. ಸಹಾಯಧನವು ವರ್ಷಕ್ರಮದಲ್ಲಿ ಇಳಿಯುತ್ತ ಹೋಗಲಿ. ಆದರೆ ಸ್ವದೇಶೀ ಎಂಜಿನು, ಉಕ್ಕುಗಳನ್ನು ಬಳಸಿದವರಿಗೆ ಹೆಚ್ಚಾಗಿ ದೊರೆಯಲಿ. ಯಾರಿಗೆ ಎಷ್ಟು ಸಂದಿತು, ಯಾವ ಹಡಗು ಎಂದು ನೀರಿಗಿಳಿಯಿತು ಎಂಬ ಲೆಕ್ಕವು ಪ್ರತಿವರ್ಷವೂ ಪ್ರಕಟವಾಗಲಿ.

ಎಡೆಬಿಡದ ಕೆಲಸವು ಏನನ್ನು ಮಾಡಬಲ್ಲುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಮಲ್ಪೆಯಲ್ಲಿ ದಿವಾಳಿಯ ಸ್ಥಿತಿಗೆ ಬಂದಿದ್ದ ಕಾರ್ಖಾನೆಯೊಂದನ್ನು ಕೊಚ್ಚಿಯ ಸರ್ಕಾರಿ ಹಡಗು ಕಾರ್ಖಾನೆಯವರು 2020ರಲ್ಲಿ ಕೊಂಡರು. 2023ರಲ್ಲಿ ನಾರ್ವೆ ದೇಶದ ಕಂಪನಿಯೊಂದು ತಲಾ 3,800 ಟನ್ನು ಹೊರುವ, ಒಂದೇ ಮಾದರಿಯ ಆರು ಹಡಗುಗಳನ್ನು ಅಲ್ಲಿಯೇ ಕಟ್ಟಿಕೊಡುವಂತೆ ಕರಾರು ಮಾಡಿಕೊಂಡಿತು. ಮರುವರ್ಷ ಇನ್ನೂ ದೊಡ್ಡ ಹಡಗುಗಳನ್ನು ಕೇಳಿತು. ಕಡಲಾಚೆಯ ನಾರ್ವೆಯವರು ಉಡುಪಿಯ ಕೆಲಸಗಾರನಲ್ಲಿ ಇಟ್ಟ ನಂಬಿಕೆಯನ್ನು ದೆಹಲಿಯ ಕಚೇರಿಗಳು ಇಡಲಾರದೆ ಹೋದರೆ, ಕೋಟಿಗಳನ್ನು ಎಣಿಸಿಯೂ ಪ್ರಯೋಜನವಿಲ್ಲ.